ಎರಡು ವಾರ ದಾಟಿದರೂ ಕಾಮಾಲೆ ಇದೆಯಾ? ಕಕ್ಕದ ಬಣ್ಣ ನೋಡಿ

ಹುಟ್ಟಿದ ಮಕ್ಕಳ ಕಾಮಾಲೆ ಬಗ್ಗೆ ಹೋದ ತಿಂಗಳು ಬರೆದಾಗ, ಬಹುತೇಕ ಮಕ್ಕಳಿಗೆ ಬರುತ್ತದೆ, ತಾನಾಗೇ ಹೋಗುತ್ತದೆ, ಗಾಬರಿ ಬೇಡ ಅಂದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ: ಹೋಗದಿದ್ದರೆ? ಹಾಗೆ ಹೋಗದೆ ಉಳಿಯುವ ಕಾಮಾಲೆಗಳಲ್ಲಿ ಒಂದು ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ. ಡಾಕ್ಟರುಗಳು ಬಿಲಿಯರಿ ಅಟ್ರೇಸಿಯಾ ಅನ್ನುತ್ತಾರೆ. ಅಪರೂಪದ್ದು. ತೈವಾನಿನಲ್ಲಿ ಸುಮಾರು ಆರು ಸಾವಿರ ಮಕ್ಕಳಿಗೆ ಒಂದು, ಯುರೋಪಿನಲ್ಲಿ ಹದಿನೈದು ಇಪ್ಪತ್ತು ಸಾವಿರಕ್ಕೆ ಒಂದು. ಆದರೆ ಚಿಕ್ಕ ಮಕ್ಕಳಿಗೆ ಲಿವರ್ ಕಸಿ ಮಾಡಬೇಕಾಗಿ ಬರುವ ಕಾರಣಗಳಲ್ಲಿ ಇಡೀ ಜಗತ್ತಿನಲ್ಲಿ ಇದೇ ಮೊದಲನೆಯದು. ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು. ಹಲ್ಲು, ನಿದ್ದೆ, ರಾಗಿ ಸರಿ ಬಗ್ಗೆ ಕೇಳಿದವರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಲ ನೋಡೋಣ.

ಪ್ರಶ್ನೆ: ಡಾಕ್ಟ್ರೇ, ಬಾಣಂತನಕ್ಕೆ ತವರಿಗೆ ಬಂದಿದೀನಿ, ಹಾಸನದ ಹತ್ತಿರ ಹಳ್ಳಿ. ಮಗುಗೆ ಇವತ್ತಿಗೆ 24 ದಿನ. ಮೂರನೇ ದಿನ ಶುರುವಾದ ಕಾಮಾಲೆ ಕಣ್ಣಲ್ಲಿ ಇನ್ನೂ ಇದೆ. ಹಾಲು ಚೆನ್ನಾಗಿ ಕುಡಿಯುತ್ತೆ, ತೂಕನೂ ಹೆಚ್ಚಾಗಿದೆ. ಎಳೆಬಿಸಿಲಿಗೆ ಹಿಡಿದರೆ ಸಾಕು ಅಂತಾರೆ ಅಮ್ಮ. ಆದರೆ ಕಕ್ಕ ಮೊದಲು ಹಳದಿ ಇದ್ದಿದ್ದು ಈಗ ಒಂದು ವಾರದಿಂದ ಬಿಳಿಚಿಕೊಂಡಿದೆ. ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಹೋದಾಗ ತೋರಿಸಿದರೆ ಆಗಲ್ವಾ?

ಉತ್ತರ: ಆಗಲ್ಲಮ್ಮ. ನಿಮ್ಮ ಪತ್ರ ಸಿಕ್ಕ ದಿನವೇ ಉತ್ತರ ಕಳಿಸಿದ್ದೇವೆ. ಇಲ್ಲಿ ಹಾಕುತ್ತಿರುವುದು ಇದೇ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗಾಗಿ.

ಕಾಮಾಲೆಯಲ್ಲಿ ಎರಡು ಬಗೆ. ಹಳೆಯ ರಕ್ತಕಣ ಒಡೆದಾಗ ಬಿಲಿರುಬಿನ್ ಅನ್ನೋ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ಹದಮಾಡಿ, ಪಿತ್ತರಸದ ಜೊತೆ ಸಣ್ಣ ನಾಳಗಳ ಮೂಲಕ ಕರುಳಿಗೆ ಬಿಡುತ್ತದೆ. ಮಗುವಿನ ಕಕ್ಕಕ್ಕೆ ಸಾಸಿವೆಯ ಹಳದಿ ಬಣ್ಣ ಬರುವುದು ಅದರಿಂದಲೇ. ಹೊಸದಾಗಿ ಹುಟ್ಟಿದ ಮಗುವಿನ ಲಿವರ್ ಇನ್ನೂ ನಿಧಾನ. ಹಾಗಾಗಿ ಹದವಾಗದ ಬಿಲಿರುಬಿನ್ ರಕ್ತದಲ್ಲಿ ಉಳಿದು ಮೈ ಹಳದಿಯಾಗುತ್ತದೆ. ಇದು ಇನ್‌ಡೈರೆಕ್ಟ್, ಅಂದರೆ ಬಹುತೇಕ ಮಕ್ಕಳಲ್ಲಿ ಬಂದು ಹೋಗುವ ಕಾಮಾಲೆ. ತಾಯಿಹಾಲು ಕುಡಿಯುವ ಕೆಲವು ಮಕ್ಕಳಲ್ಲಿ ಇದೇ ಬಗೆ ತಿಂಗಳ ಮೇಲೂ ಇರಬಹುದು, ತೊಂದರೆ ಇಲ್ಲ.

ಎರಡನೆಯದು ಡೈರೆಕ್ಟ್. ಇಲ್ಲಿ ಲಿವರ್ ತನ್ನ ಕೆಲಸ ಮಾಡಿದೆ, ಆದರೆ ಮಾಡಿದ್ದು ಹೊರಗೆ ಹೋಗುತ್ತಿಲ್ಲ. ಬಚ್ಚಲ ಕೊಳವೆ ಕಟ್ಟಿಕೊಂಡ ಹಾಗೆ. ಪಿತ್ತ ಕರುಳಿಗೆ ಇಳಿಯದಿದ್ದರೆ ಕಕ್ಕ ಬಣ್ಣ ಕಳೆದುಕೊಳ್ಳುತ್ತದೆ, ರಕ್ತಕ್ಕೆ ವಾಪಸು ಬಂದದ್ದು ಉಚ್ಚೆಯಲ್ಲಿ ಹೋಗಿ ಉಚ್ಚೆ ಹಳದಿಯಾಗುತ್ತದೆ, ಲಿವರ್ ಒಳಗೇ ನಿಂತ ಪಿತ್ತ ದಿನದಿನಕ್ಕೆ ಲಿವರ್ ಅನ್ನು ಗಟ್ಟಿ ಮಾಡುತ್ತಾ ಹೋಗುತ್ತದೆ. ಡೈರೆಕ್ಟ್ ಕಾಮಾಲೆ ಯಾವ ವಯಸ್ಸಿನ ಮಗುವಿಗೂ ಸಹಜ ಅಲ್ಲ. ಬಿಸಿಲಿಗೂ ನೀಲಿ ಲೈಟಿಗೂ ಅದು ಬಗ್ಗುವುದಿಲ್ಲ.

ಮೈ ಬಣ್ಣ ನೋಡಿ ಇವೆರಡನ್ನು ಬೇರೆ ಮಾಡುವುದು ಯಾರಿಂದಲೂ ಆಗಲ್ಲ, ನನ್ನಿಂದಲೂ. ರಕ್ತ ಪರೀಕ್ಷೆಯೇ ಬೇಕು. ಅದೇನು ದೊಡ್ಡ ಪರೀಕ್ಷೆಯೂ ಅಲ್ಲ, ತಾಲ್ಲೂಕು ಮಟ್ಟದ ಲ್ಯಾಬಿನಲ್ಲೂ ಆಗುವಂಥದ್ದು. ಆದರೆ ಚೀಟಿಯಲ್ಲಿ ಸುಮ್ನೆ "ಬಿಲಿರುಬಿನ್" ಅಂತ ಬರೆದಿದ್ದರೆ ಕೆಲವು ಕಡೆ ಟೋಟಲ್ ಮಾತ್ರ ಮಾಡಿ ಕಳಿಸುತ್ತಾರೆ. ಟೋಟಲ್ ಮತ್ತು ಡೈರೆಕ್ಟ್ ಎರಡೂ ಬೇಕು ಅಂತ ಬಾಯಿಬಿಟ್ಟು ಕೇಳಿ. ಡೈರೆಕ್ಟ್ 1 ಮಿಲಿಗ್ರಾಂ ದಾಟಿದ್ದರೆ ಮಕ್ಕಳ ಲಿವರ್ ನೋಡುವ ಡಾಕ್ಟರ ಹತ್ತಿರ ಹೋಗಲೇಬೇಕು. ಉದಾಹರಣೆಗೆ, ಟೋಟಲ್ 11, ಡೈರೆಕ್ಟ್ 0.5 ಇರುವ ಮಗು ನೋಡೋಕೆ ತುಂಬಾ ಹಳದಿ, ಆದರೆ ಈ ಕಾಯಿಲೆಯ ಭಯ ಇಲ್ಲ. ಟೋಟಲ್ 6, ಡೈರೆಕ್ಟ್ 3.5 ಇರುವ ಮಗು ಅಷ್ಟೇನೂ ಹಳದಿ ಕಾಣಿಸುವುದಿಲ್ಲ, ಮನೆಯವರು "ಕಾಮಾಲೆ ಇಳೀತಾ ಇದೆ" ಅಂದುಕೊಳ್ಳುತ್ತಾರೆ. ಓಡಬೇಕಾದ್ದು ಎರಡನೇ ಮಗುವಿಗೆ.

ಹಾಲು ಚೆನ್ನಾಗಿ ಕುಡಿಯುತ್ತೆ, ತೂಕ ಬಂದಿದೆ ಅಂದಿರಿ. ಈ ಕಾಯಿಲೆ ಮೋಸ ಮಾಡುವುದೇ ಇಲ್ಲಿ. ಮೊದಲ ಒಂದೆರಡು ತಿಂಗಳು ಮಗು ಲವಲವಿಕೆಯಿಂದಲೇ ಇರುತ್ತದೆ. ನಗುತ್ತದೆ, ಕೈಕಾಲು ಆಡಿಸುತ್ತದೆ, ಕೆಂಪಗೆ ದುಂಡಗೆ ಇರುತ್ತದೆ. ಹೊಟ್ಟೆ ಉಬ್ಬಿ, ತೂಕ ನಿಂತು, ಮಗು ಸೊರಗಿದ ಮೇಲೆ ಕರೆದುಕೊಂಡು ಬಂದರೆ ಆಗ ಲಿವರ್ ಅರ್ಧ ಕೆಟ್ಟಿರುತ್ತದೆ. ನಮ್ಮ ದೇಶದಲ್ಲಿ ಇಂಥ ಮಕ್ಕಳು ದೊಡ್ಡ ಆಸ್ಪತ್ರೆ ತಲುಪುವ ಹೊತ್ತಿಗೆ ಎಷ್ಟೋ ಸಲ ಮೂರು ತಿಂಗಳಾಗಿರುತ್ತದೆ. ಪಿತ್ತಕ್ಕೆ ದಾರಿ ಮಾಡಿಕೊಡುವ ಆಪರೇಷನ್‌ಗೆ ಒಳ್ಳೆ ಸಮಯ 60 ದಿನದ ಒಳಗೆ, 45 ದಿನದ ಒಳಗಾದರೆ ಇನ್ನೂ ಒಳ್ಳೆಯದು. ಇಂಜೆಕ್ಷನ್ ದಿನಕ್ಕೆ ಕಾದರೆ 42 ದಿನ ಅಲ್ಲೇ ಹೋಗಿಬಿಡುತ್ತದೆ. ಆಮೇಲೆ ಸ್ಕ್ಯಾನಿಂಗ್, ರಕ್ತ, ಬೆಡ್ ಸಿಗುವುದು ಎಲ್ಲಾ ಬಾಕಿ ಇರುತ್ತದೆ.

ನಿಮ್ಮ ಮಗುವಿಗೆ ಇದೇ ಕಾಯಿಲೆ ಅಂತ ನಾನು ಹೇಳುತ್ತಿಲ್ಲ. ಡೈರೆಕ್ಟ್ ಏರಲು ಸೋಂಕು, ಹಾಲಿನ ಸಕ್ಕರೆ ಒಗ್ಗದ ಗ್ಯಾಲಕ್ಟೋಸೀಮಿಯಾ, ಪಿತ್ತನಾಳದ ಗಂಟು, ಹೀಗೆ ಬೇರೆ ಕಾರಣಗಳೂ ಇವೆ. ಅವೂ ಕಾಯುವಂಥವಲ್ಲ.

ಪ್ರಶ್ನೆ: ಕಕ್ಕ ಬಿಳಿ ಅಂದರೆ ಎಷ್ಟು ಬಿಳಿ ಮೇಡಂ? ನನ್ನ ಕಣ್ಣಿಗೆ ಹಳದಿ ಕಾಣುತ್ತೆ, ನಮ್ಮನೆಯವರಿಗೆ ಬಿಳಿ ಕಾಣುತ್ತೆ, ಅತ್ತೆಗೆ ಹಸಿರು ಕಾಣುತ್ತೆ. ಜಗಳ ಆಗ್ತಿದೆ. (ದಾವಣಗೆರೆಯಿಂದ)

ಉತ್ತರ: ಈ ಜಗಳವನ್ನು ಬಗೆಹರಿಸಲೆಂದೇ ಜಪಾನಿನವರು ಒಂದು ಕಾರ್ಡ್ ಮಾಡಿದರು. ಅಲ್ಲಿ ಗರ್ಭಿಣಿಯರಿಗೆ ಸಿಗುವ ತಾಯಿ-ಮಗುವಿನ ಪುಸ್ತಕದಲ್ಲಿ, ನಮ್ಮ ತಾಯಿ ಕಾರ್ಡಿನ ಥರದ್ದು ಅಂದುಕೊಳ್ಳಿ, 2012ರಿಂದ ಕಕ್ಕದ ಬಣ್ಣಗಳ ಪುಟ ಕಡ್ಡಾಯ. ಅದರಲ್ಲಿ ಏಳು ಬಣ್ಣ. ಒಂದನೆಯದು ಬೂದಿ ಮಿಶ್ರಿತ ಬಿಳಿ, ಮೇಲಕ್ಕೆ ಹೋದಂತೆ ತಿಳಿ ಹಳದಿ, ಗಾಢ ಹಳದಿ, ಕೊನೆಗೆ ಹಸಿರು. ಡಯಾಪರ್ ಪಕ್ಕ ಪುಸ್ತಕ ಹಿಡಿದು ಯಾವ ನಂಬರಿಗೆ ಹೊಂದುತ್ತದೆ ಅಂತ ತಾಯಿಯೇ ಗುರುತು ಹಾಕುತ್ತಾಳೆ. ಕೆಳಗಿನ ನಂಬರುಗಳ ಹತ್ತಿರ ಬಂದರೆ ತಕ್ಷಣ ಡಾಕ್ಟರ ಹತ್ತಿರ.

ಇದನ್ನು ಇಡೀ ದೇಶಕ್ಕೆ ಮೊದಲು ಹಂಚಿದ್ದು ತೈವಾನ್, 2004ರಲ್ಲಿ. ಅದರ ಫಲ ಕೇಳಿ. ಕಾರ್ಡ್ ಬರುವ ಮೊದಲು ಅಲ್ಲಿ ಈ ಕಾಯಿಲೆಯ ಮಕ್ಕಳಲ್ಲಿ ಅರ್ಧದಷ್ಟಕ್ಕೆ ಮಾತ್ರ 60 ದಿನದೊಳಗೆ ಆಪರೇಷನ್ ಆಗುತ್ತಿತ್ತು. ಬಂದ ಮೇಲೆ ನೂರಕ್ಕೆ ಎಪ್ಪತ್ತರ ಆಸುಪಾಸಿಗೆ ಏರಿತು. ಐದು ವರ್ಷ ದಾಟಿ ಬದುಕಿದ ಮಕ್ಕಳ ಪಾಲು ನೂರಕ್ಕೆ 56ರಿಂದ 89ಕ್ಕೆ ಹೋಯಿತು. ಇದಕ್ಕೆ ಹೊಸ ಔಷಧಿ ಬೇಕಾಗಲಿಲ್ಲ, ಹೊಸ ಯಂತ್ರ ಬೇಕಾಗಲಿಲ್ಲ. ಬಣ್ಣದ ಒಂದು ಹಾಳೆ, ಮತ್ತೆ ಅದನ್ನು ನೋಡು ಅಂತ ಪ್ರತಿ ತಾಯಿಗೆ ಹೇಳಿದ್ದು. ನಮ್ಮ ತಾಯಿ ಕಾರ್ಡಿನಲ್ಲಿ ಇಂಥದ್ದೊಂದು ಪುಟ ಹಾಕೋಕೆ ಎಷ್ಟು ಖರ್ಚಾಗಬಹುದು, ನೀವೇ ಹೇಳಿ.

ಈಗ ನಿಮ್ಮ ಮನೆಯ ಜಗಳಕ್ಕೆ ಬರೋಣ. ಸಾಸಿವೆ ಹಳದಿ, ಚಿನ್ನದ ಹಳದಿ, ಹಸಿರು, ಕಂದು, ಇವೆಲ್ಲ ಸರಿ. ಸುಣ್ಣದ ಬಿಳಿ, ಬೂದಿ ಬಣ್ಣ, ತೊಳೆದ ಜೇಡಿಮಣ್ಣಿನ ಬಣ್ಣ, ಕೆನೆಯಂಥ ತೀರಾ ತಿಳಿ ಹಳದಿ, ಇವು ಸರಿಯಲ್ಲ. ನೋಡುವಾಗ ಮಗುವನ್ನು ಕಿಟಕಿ ಹತ್ತಿರ ಹಗಲು ಬೆಳಕಿಗೆ ತನ್ನಿ. ರಾತ್ರಿ ಹಳದಿ ಬಲ್ಬಿನ ಕೆಳಗೆ ಎಲ್ಲವೂ ಹಳದಿಯೇ. ಎರೆಯುವಾಗ ಅರಿಶಿನ ಹಚ್ಚುವ ಮನೆಯಾದರೆ ಸ್ವಲ್ಪ ದಿನ ನಿಲ್ಲಿಸಿ. ಮೈ ಮೇಲಿನ ಹಳದಿ ಯಾವುದು ಅರಿಶಿನದ್ದು, ಯಾವುದು ಕಾಮಾಲೆಯದು ಅಂತ ಡಾಕ್ಟರಿಗೂ ಗೊತ್ತಾಗಲ್ಲ, ಬಟ್ಟೆಗೂ ಅದೇ ಬಣ್ಣ ಅಂಟಿರುತ್ತದೆ. ಕಾಮಾಲೆ ನೋಡಬೇಕಾದ್ದು ಕಣ್ಣಿನ ಬಿಳಿ ಭಾಗದಲ್ಲಿ.

ಕೆಲವರು ಕಕ್ಕವನ್ನು ಮೇಲಿಂದ ಮಾತ್ರ ನೋಡುತ್ತಾರೆ. ಕಾಮಾಲೆ ಜೋರಾಗಿರುವ ಮಗುವಿನ ಕಕ್ಕದ ಮೇಲ್ಪದರಕ್ಕೆ ಉಚ್ಚೆಯ ಹಳದಿ ಹತ್ತಿ ಬಣ್ಣ ಇರುವ ಹಾಗೆ ಕಾಣಿಸಬಹುದು. ಒಂದು ಕಡ್ಡಿಯಲ್ಲಿ ಮುರಿದು ಒಳಗಿನ ಬಣ್ಣ ನೋಡಿ. ಅಸಹ್ಯ ಅನ್ನಿಸಿದರೂ ಪರವಾಗಿಲ್ಲ, ಮಗುವಿನದ್ದಲ್ವಾ.

ಉಚ್ಚೆಯನ್ನೂ ಬಿಡಬೇಡಿ. ಬರೀ ಹಾಲು ಕುಡಿಯುವ ಮಗುವಿನ ಉಚ್ಚೆ ನೀರಿನ ಹಾಗೆ ಬಣ್ಣವಿಲ್ಲದೆ ಇರಬೇಕು. ಬಿಳಿ ಹತ್ತಿ ಬಟ್ಟೆ ಕಟ್ಟಿ, ಒದ್ದೆಯಾದ ಮೇಲೆ ಒಣಗಲು ಬಿಡಿ. ಹಳದಿ ಕಲೆ ಉಳಿದರೆ, ಅದೂ ಪ್ರತಿ ಸಲ ಉಳಿದರೆ, ಅದು ಲೆಕ್ಕಕ್ಕೆ ಬರುವ ವಿಷಯ. ಈ ಕಾಯಿಲೆಯ ಕೆಲವು ಮಕ್ಕಳಲ್ಲಿ ಮೊದಲ ವಾರಗಳಲ್ಲಿ ಕಕ್ಕಕ್ಕೆ ಸ್ವಲ್ಪ ಬಣ್ಣ ಇದ್ದೇ ಇರುತ್ತದೆ, ಆಮೇಲೆ ಮಾಸುತ್ತದೆ. ಹಾಗಾಗಿ ಒಂದು ದಿನ ನೋಡಿ ಬಿಡುವುದಲ್ಲ, ಎರಡು ತಿಂಗಳವರೆಗೂ ಗಮನ ಇರಲಿ. ಫೋಟೋ ತೆಗೆದು ಡಾಕ್ಟರಿಗೆ ವಾಟ್ಸಾಪ್ ಮಾಡುವುದು ಒಳ್ಳೆಯದೇ, ಆದರೆ ಮೊಬೈಲ್ ಕ್ಯಾಮೆರಾ ಬಣ್ಣ ತಿದ್ದುತ್ತದೆ. ಹಾಗಾಗಿ ಡಯಾಪರನ್ನೇ ಕವರಿನಲ್ಲಿ ಕಟ್ಟಿಕೊಂಡು ಹೋಗಿ. ನಾವು ಮಕ್ಕಳ ಡಾಕ್ಟರು ಮುಖ ಸಿಂಡರಿಸುವುದಿಲ್ಲ, ದಿನಾ ನೋಡುವುದೇ ಅದು.

ಪ್ರಶ್ನೆ: ನನಗೀಗ ಎಂಟು ತಿಂಗಳು. ಹೆರಿಗೆ ಆಗುವ ಆಸ್ಪತ್ರೆಯಲ್ಲಿ ಮಗುವಿಗೆ ಹಿಮ್ಮಡಿಯಿಂದ ರಕ್ತ ತೆಗೆದು ಐವತ್ತು ಕಾಯಿಲೆ ಪರೀಕ್ಷೆ ಮಾಡುವ ಪ್ಯಾಕೇಜ್ ಇದೆ ಅಂದರು. ಅದು ಮಾಡಿಸಿದರೆ ಇದೂ ಗೊತ್ತಾಗುತ್ತಲ್ವಾ? (ಬೆಂಗಳೂರಿನಿಂದ)

ಉತ್ತರ: ಇಲ್ಲ. ಆ ಪ್ಯಾಕೇಜುಗಳಲ್ಲಿ ಥೈರಾಯ್ಡ್, ರಕ್ತಕಣ ಬೇಗ ಒಡೆಯುವ ಜಿ6ಪಿಡಿ ಕೊರತೆ, ಗ್ಯಾಲಕ್ಟೋಸೀಮಿಯಾ ಮುಂತಾದ ಬೇರೆ ಕಾಯಿಲೆಗಳು ಇರುತ್ತವೆ. ಮಾಡಿಸುವುದು ಒಳ್ಳೆಯದೇ, ಮುಖ್ಯವಾಗಿ ಥೈರಾಯ್ಡ್‌ಗಾಗಿ. ಆದರೆ ಪಿತ್ತನಾಳದ ವಿಷಯ ಅದರಲ್ಲಿ ಬರುವುದಿಲ್ಲ. ಹಾಗೇನೇ ಮಗುವಿನ ಹಣೆಗೋ ಎದೆಗೋ ಒಂದು ಪುಟ್ಟ ಯಂತ್ರ ಒತ್ತಿ ಕಾಮಾಲೆ ಎಷ್ಟಿದೆ ಅಂತ ನೋಡುತ್ತಾರಲ್ಲ, ಅದು ಒಟ್ಟು ಹಳದಿಯ ಅಂದಾಜು ಮಾತ್ರ ಕೊಡುತ್ತದೆ. ಡೈರೆಕ್ಟ್ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ. ಗರ್ಭದಲ್ಲಿದ್ದಾಗಿನ ಸ್ಕ್ಯಾನಿಂಗಿನಲ್ಲೂ ಸಾಮಾನ್ಯವಾಗಿ ಸಿಗುವುದಿಲ್ಲ. ಡಿಸ್ಚಾರ್ಜ್ ಆಗುವ ಮೊದಲು ಕಾಮಾಲೆಗೆ ರಕ್ತ ತೆಗೆದರೆ ಡೈರೆಕ್ಟ್ ಕೂಡ ಮಾಡಿ ಅಂತ ಹೇಳಿ, ಆ ರಿಪೋರ್ಟ್ ಹಾಳೆ ಎತ್ತಿಡಿ. ಮತ್ತೆ ಹುಟ್ಟಿದ ಕೂಡಲೇ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದಾರಾ ಅಂತ ಕೇಳಿ ಬರೆಸಿಕೊಳ್ಳಿ. ಪಿತ್ತ ಕರುಳಿಗೆ ಇಳಿಯದ ಮಗುವಿಗೆ ಆ ವಿಟಮಿನ್ ಹಾಲಿನಿಂದ ಮೈಗೆ ಹತ್ತುವುದಿಲ್ಲ, ರಕ್ತ ಹೆಪ್ಪುಗಟ್ಟುವುದಿಲ್ಲ. ಕೆಲವು ಮಕ್ಕಳಲ್ಲಿ ಕಾಯಿಲೆ ಪತ್ತೆಯಾಗುವುದೇ ಹೊಕ್ಕುಳಲ್ಲೋ ಮೂಗಲ್ಲೋ, ಕೆಟ್ಟದ್ದಾದರೆ ಮೆದುಳಲ್ಲೋ ರಕ್ತ ಬಂದಾಗ.

ಪ್ರಶ್ನೆ: ನಾವು ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದೇವೆ. ಮಗು ಹುಟ್ಟಿದ ಎರಡನೇ ದಿನವೇ ಡೈರೆಕ್ಟ್ ಬಿಲಿರುಬಿನ್ ಸ್ವಲ್ಪ ಜಾಸ್ತಿ ಇದೆ, ಎರಡು ವಾರಕ್ಕೆ ಮತ್ತೆ ಮಾಡಬೇಕು ಅಂದಿದ್ದಾರೆ. ಮೈಸೂರಿನಿಂದ ಅಮ್ಮ ಫೋನ್ ಮಾಡಿ, ಚೆನ್ನಾಗಿರೋ ಮಗುವಿಗೆ ಯಾಕೆ ಪದೇಪದೇ ಸೂಜಿ ಚುಚ್ಚಿಸ್ತೀರಾ ಅಂತ ಬೈತಿದ್ದಾರೆ.

ಉತ್ತರ: ಅಮ್ಮನಿಗೆ ಈ ಪುಟ ಓದಿಸಿ. ನೀವಿರುವ ಊರಿನಲ್ಲೇ ಇದರ ಮೇಲೆ ದೊಡ್ಡ ಕೆಲಸ ಆಗಿದೆ. ಅಲ್ಲಿನ ಡಾ. ಸಂಜೀವ್ ಹರ್ಪಾವತ್ ಮತ್ತು ಜೊತೆಗಾರರು, ಈ ಕಾಯಿಲೆ ಇರುವ ಮಕ್ಕಳಲ್ಲಿ ಹುಟ್ಟಿದ ಒಂದೆರಡು ದಿನದಲ್ಲೇ ಡೈರೆಕ್ಟ್ ಸ್ವಲ್ಪ ಏರಿರುತ್ತದೆ ಅನ್ನೋದನ್ನು ಹಳೆಯ ದಾಖಲೆ ತೆಗೆದು ಮೊದಲು ತೋರಿಸಿದರು. ಆಮೇಲೆ 2015ರಿಂದ 2018ರವರೆಗೆ ಟೆಕ್ಸಾಸ್‌ನ ಹದಿನಾಲ್ಕು ಆಸ್ಪತ್ರೆಗಳಲ್ಲಿ ಹುಟ್ಟಿದ ಒಂದು ಕಾಲು ಲಕ್ಷದಷ್ಟು ಮಕ್ಕಳಿಗೆ ಎರಡು ಹಂತದಲ್ಲಿ ಪರೀಕ್ಷೆ ಮಾಡಿದರು. ಮೊದಲ ಪರೀಕ್ಷೆಯಲ್ಲಿ ಜಾಸ್ತಿ ಬಂದದ್ದು ನೂರಕ್ಕೆ ಸುಮಾರು ಒಂದು ಮಗುವಿಗೆ. ಅವರನ್ನು ಮಾತ್ರ ಎರಡು ವಾರದಲ್ಲಿ ಮತ್ತೆ ನೋಡಿದರು. ಇಳಿದಿದ್ದರೆ ಬಿಟ್ಟರು, ಏರಿದ್ದರೆ ಮುಂದಿನ ಪರೀಕ್ಷೆಗೆ ಕಳಿಸಿದರು. ಕೊನೆಗೆ ಏಳು ಮಕ್ಕಳಲ್ಲಿ ಕಾಯಿಲೆ ಸಿಕ್ಕಿತು. ಒಂದೂ ತಪ್ಪಿಹೋಗಲಿಲ್ಲ. ಮೊದಲು ಅಲ್ಲಿ ಆಪರೇಷನ್ ಆಗುವಾಗ ಮಗುವಿಗೆ ಸರಾಸರಿ 56 ದಿನ ಆಗಿರುತ್ತಿತ್ತು, ಪರೀಕ್ಷೆ ಶುರುವಾದ ಮೇಲೆ 36 ದಿನಕ್ಕೆ ಇಳಿಯಿತು.

ಮೊದಲ ಸಲ ಜಾಸ್ತಿ ಬಂದ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಏನೂ ಇರುವುದಿಲ್ಲ. ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಎರಡನೇ ಸೂಜಿ ತಪ್ಪಿಸಬೇಡಿ.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆ. ಹೆರಿಗೆಯಾದ ಮನೆಗೆ ಹೋಗಿ ಮಗು ತೂಕ, ಜ್ವರ, ಹೊಕ್ಕುಳ ನೋಡ್ತೀನಿ. ಈ ಕಾಯಿಲೆಗೆ ನಾನೇನು ನೋಡಬೇಕ್ರಿ?

ಉತ್ತರ: ನನ್ನ ಮಟ್ಟಿಗೆ ಈ ಸಲದ ಪತ್ರಗಳಲ್ಲಿ ಇದೇ ಮುಖ್ಯವಾದದ್ದು ಅಕ್ಕಾವ್ರೇ. ನೀವು 3, 7, 14, 21, 28, 42ನೇ ದಿನ ಮನೆಗೆ ಹೋಗುತ್ತೀರಿ. ತೈವಾನಿನ ಕಾರ್ಡ್ ಮಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆ ದಿನಗಳು ಬೇಕಾ? ಮೂರು, ಏಳರಲ್ಲಿ ಕಾಮಾಲೆ ಇದ್ದರೆ ಅದರ ಲೆಕ್ಕವೇ ಬೇರೆ. ಆ ದಿನಗಳಲ್ಲಿ ತೊಡೆ, ಪಾದದವರೆಗೆ ಹಳದಿಯಾಗಿದ್ದರೆ ಅಥವಾ ಮಗು ಹಾಲು ಬಿಟ್ಟು ಮಂಕಾಗಿದ್ದರೆ ಅವತ್ತೇ ಕಳಿಸುತ್ತೀರಿ, ಅದು ನಿಮಗೆ ಗೊತ್ತು. ಹದಿನಾಲ್ಕನೇ ದಿನದಿಂದ ಮಾತ್ರ ಎರಡು ಹೊಸ ಪ್ರಶ್ನೆ ಸೇರಿಸಿ: ಕಕ್ಕ ತೋರಿಸಿ, ಉಚ್ಚೆ ಬಟ್ಟೆ ತೋರಿಸಿ. "ಚೆನ್ನಾಗಿ ಹೋಗ್ತದ್ರೀ" ಅನ್ನೋ ಉತ್ತರಕ್ಕೆ ಒಪ್ಪಬೇಡಿ, ಬಟ್ಟೆಯನ್ನೇ ನೋಡಿ. ಕಣ್ಣು ಹಳದಿ ಇದ್ದು ಕಕ್ಕ ಬಿಳಿಚಿದ್ದರೆ ಅಥವಾ ಉಚ್ಚೆ ಕಲೆ ಬಿಡುತ್ತಿದ್ದರೆ ಚೀಟಿಯಲ್ಲಿ ಬರೀ "ಕಾಮಾಲೆ" ಅಂತ ಬರೆಯಬೇಡಿ. "ಎರಡು ವಾರ ದಾಟಿದ ಕಾಮಾಲೆ, ಕಕ್ಕ ಬಿಳಿ, ಡೈರೆಕ್ಟ್ ಬಿಲಿರುಬಿನ್ ಬೇಕು" ಅಂತ ಪೂರ್ತಿ ಬರೆಯಿರಿ. ಆ ಒಂದು ಸಾಲಿನಿಂದ ಮುಂದಿನ ಡಾಕ್ಟರ ತಲೆ ಸರಿಯಾದ ಕಡೆ ಓಡುತ್ತದೆ. ಕಕ್ಕ ಸರಿಯಿದ್ದು ಕಣ್ಣು ಮಾತ್ರ ಹಳದಿ ಇದ್ದರೂ ಎರಡು ವಾರದ ಮೇಲೆ ಒಂದು ಸಲ ರಕ್ತ ಮಾಡಿಸಲೇಬೇಕು.

ನಿಮ್ಮ ಭತ್ಯೆಯ ವಿಷಯ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದು ಈ ಅಂಕಣದ ಕೈಯಲ್ಲಿಲ್ಲ, ಆದರೆ ನೀವು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ನಮ್ಮ ಕಡೆ ಕಾಮಾಲೆಗೆ ಬೇರಿನ ರಸ ಕುಡಿಸ್ತಾರೆ, ಹೊಟ್ಟೆಗೆ ಬರೆ ಹಾಕ್ತಾರೆ. ನನ್ನ ಎರಡೂ ಮಕ್ಕಳಿಗೆ ಹಾಗೇ ಮಾಡಿ ವಾಸಿಯಾಗಿದೆ. ಮೊಮ್ಮಗನಿಗೆ ಬೇಡ ಅಂತಾಳೆ ಸೊಸೆ. ಓದಿದೋರಿಗೆ ಹಿರಿಯರ ಮಾತು ರುಚಿಸಲ್ಲ ಬಿಡಿ.

ಉತ್ತರ: ಸೊಸೆ ಹೇಳಿದ್ದೇ ಸರಿ ಯಜಮಾನರೇ. ನಿಮ್ಮ ಮಕ್ಕಳಿಗೆ ಬಂದಿದ್ದು ತಾನಾಗೇ ಹೋಗುವ ಕಾಮಾಲೆ. ಬೇರು ಕುಡಿಸಿದರೂ ಹೋಗುತ್ತಿತ್ತು, ಕುಡಿಸದಿದ್ದರೂ ಹೋಗುತ್ತಿತ್ತು. ಹೆಸರು ಮಾತ್ರ ಬೇರು ಕೊಟ್ಟವನಿಗೆ ಬಂತು. ತಾನಾಗೇ ಹೋಗದ ಕಾಮಾಲೆ ಇರುವ ಮಗುವಿಗೆ ಇದನ್ನೇ ಮಾಡಿದರೆ, ಇನ್ನೊಂದು ವಾರ ನೋಡೋಣ, ಇನ್ನೊಬ್ಬರ ಹತ್ತಿರ ಹೋಗೋಣ ಅಂತ ಎರಡು ತಿಂಗಳು ಕಳೆದುಹೋಗುತ್ತದೆ, ಎಲ್ಲಕ್ಕಿಂತ ಕೆಟ್ಟದ್ದು ಅದೇ. ಮೊದಲ ಆರು ತಿಂಗಳು ಮಗುವಿನ ಬಾಯಿಗೆ ತಾಯಿಹಾಲು ಬಿಟ್ಟು, ಡಾಕ್ಟರು ಕೊಟ್ಟ ಔಷಧಿ ಬಿಟ್ಟು ಬೇರೇನೂ ಹೋಗಬಾರದು. ಬರೆ ಹಾಕುವುದಂತೂ ಹಿಂಸೆ, ಗಾಯ ಕೀವಾಗಿ ಮಗು ಸತ್ತಿರುವುದೂ ಇದೆ. ದಯವಿಟ್ಟು ಬೇಡ.

ಪ್ರಶ್ನೆ: ಮಗನಿಗೆ 52 ದಿನ. ಡೈರೆಕ್ಟ್ 5.8 ಬಂದಿದೆ. ಒಬ್ಬ ಡಾಕ್ಟರು ಸ್ಕ್ಯಾನಿಂಗ್ ನಾರ್ಮಲ್ ಇದೆ, ಇನ್ನೊಂದು ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿಸೋಣ, ಅದಕ್ಕೆ ಐದು ದಿನ ಔಷಧಿ ಕೊಡಬೇಕು ಅಂತಾರೆ. ಇನ್ನೊಬ್ಬರು ನೇರವಾಗಿ ಆಪರೇಷನ್ ಟೇಬಲ್ ಮೇಲೇ ನೋಡೋಣ ಅಂತಾರೆ. ನೆಂಟರು, ಹೇಗಿದ್ರೂ ಲಿವರ್ ಕಸಿ ಆಗಬೇಕಂತೆ, ಈ ಆಪರೇಷನ್ ಯಾಕೆ ಅಂತಾರೆ. ತಲೆ ಕೆಟ್ಟುಹೋಗಿದೆ. (ಶಿವಮೊಗ್ಗದಿಂದ)

ಉತ್ತರ: ನಿಮಗೂ ಪ್ರತ್ಯೇಕವಾಗಿ ಬರೆದಿದ್ದೇವೆ. ಒಂದೊಂದಾಗಿ ಹೇಳುತ್ತೇನೆ.

ಹೊಟ್ಟೆಯ ಸ್ಕ್ಯಾನಿಂಗ್ ನಾರ್ಮಲ್ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅಲ್ಲ. ಹಾಲು ಕೊಡದೆ ನಾಲ್ಕು ಗಂಟೆ ಬಿಟ್ಟು, ಮಕ್ಕಳ ಲಿವರ್ ನೋಡಿ ಅಭ್ಯಾಸ ಇರುವವರು ಮಾಡಿದರೆ ಪಿತ್ತಕೋಶ ಕುಗ್ಗಿರುವುದು, ಲಿವರ್ ಬಾಗಿಲಲ್ಲಿ, ಅಂದರೆ ಪಿತ್ತನಾಳ ಲಿವರಿನಿಂದ ಹೊರಬರುವ ಜಾಗದಲ್ಲಿ, ತ್ರಿಕೋನದ ಗಟ್ಟಿ ನಾರು ಇರುವುದು ಕಾಣಬಹುದು. ಕಾಣದೆಯೂ ಇರಬಹುದು. ನ್ಯೂಕ್ಲಿಯರ್ ಸ್ಕ್ಯಾನಿನಲ್ಲಿ, ಯಂತ್ರಕ್ಕೆ ಕಾಣುವಂಥ ಒಂದು ವಸ್ತುವನ್ನು ರಕ್ತಕ್ಕೆ ಬಿಡುತ್ತಾರೆ, ಅದು ಲಿವರ್ ದಾಟಿ ಕರುಳಿಗೆ ಇಳಿದರೆ ಈ ಕಾಯಿಲೆ ಅಲ್ಲ ಅಂತ ಹೇಳಬಹುದು. ಇಳಿಯದಿದ್ದರೆ ಇದೇ ಕಾಯಿಲೆ ಅಂತ ಹೇಳೋಕೆ ಆಗಲ್ಲ, ಬೇರೆ ಲಿವರ್ ಕಾಯಿಲೆಯಲ್ಲೂ ಇಳಿಯದಿರಬಹುದು. ಅಂಥ ಪರೀಕ್ಷೆಗೆ, 52 ದಿನದ ಮಗುವಿಗೆ, ಐದು ದಿನ ತಯಾರಿ ಅಂದರೆ ನನಗಂತೂ ಜಾಸ್ತಿ ಅನ್ನಿಸುತ್ತದೆ. ಕಕ್ಕ ಪೂರ್ತಿ ಬಿಳಿ ಇದ್ದು, ಲಿವರಿನ ಚೂರು ತೆಗೆದು ನೋಡುವ ಬಯಾಪ್ಸಿಯೂ ಆ ಕಡೆಗೇ ಬೊಟ್ಟು ಮಾಡಿದರೆ ಹೆಚ್ಚಿನ ಕೇಂದ್ರಗಳಲ್ಲಿ ಮಗುವಿಗೆ ಅರಿವಳಿಕೆ ಕೊಟ್ಟು, ಪಿತ್ತಕೋಶಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ನೋಡುತ್ತಾರೆ. ದಾರಿ ತೆರೆದಿದ್ದರೆ ಅಲ್ಲಿಗೇ ಮುಚ್ಚಿ ಹೊಲಿಯುತ್ತಾರೆ. ಮುಚ್ಚಿದ್ದರೆ ಅದೇ ಹೊತ್ತಿಗೆ ಆಪರೇಷನ್ ಮುಂದುವರಿಸುತ್ತಾರೆ. ಕೊನೆಯ ತೀರ್ಮಾನ ಸಿಗುವುದು ಅಲ್ಲೇ.

ಆಪರೇಷನ್ ಹೆಸರು ಕಸಾಯ್. ಜಪಾನಿನ ಸೆಂಡಾಯ್ ಊರಿನ ಸರ್ಜನ್ ಮೋರಿಯೋ ಕಸಾಯ್ 1955ರಲ್ಲಿ ಮೊದಲು ಮಾಡಿದರು. ಅದಕ್ಕೂ ಮುಂಚೆ ಇಂಥ ಮಕ್ಕಳಲ್ಲಿ ಬಹುಪಾಲು ಮಕ್ಕಳ ಹೊಟ್ಟೆ ತೆರೆದು, ಜೋಡಿಸಲು ನಾಳವೇ ಇಲ್ಲ ಅಂತ ಮುಚ್ಚಿ ಕಳಿಸುತ್ತಿದ್ದರು. ಕಸಾಯ್ ಮಾಡಿದ್ದು ಇಷ್ಟು: ಲಿವರ್ ಹೊರಗಿನ ಗಟ್ಟಿಯಾದ ನಾಳದ ನಾರನ್ನೆಲ್ಲ ಲಿವರ್ ಬಾಗಿಲವರೆಗೂ ಕತ್ತರಿಸಿ ತೆಗೆದರು, ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳು ಇನ್ನೂ ತೆರೆದಿರುತ್ತವೆ, ಅವುಗಳ ಮೇಲೆ ಮಗುವಿನದ್ದೇ ಸಣ್ಣಕರುಳಿನ ಒಂದು ತುಂಡನ್ನು ತಂದು ಹೊಲಿದರು. ಪಿತ್ತ ನೇರವಾಗಿ ಕರುಳಿಗೆ ಜಿನುಗುತ್ತದೆ. ದಿನ ಕಳೆದಂತೆ ಆ ಸಣ್ಣ ನಾಳಗಳೂ ಮುಚ್ಚುತ್ತಾ ಹೋಗುತ್ತವೆ, ಅದಕ್ಕೇ ಬೇಗ ಬೇಗ ಅನ್ನುವುದು. ಅರವತ್ತು ದಿನ ಅಂದರೆ ಅರವತ್ತೊಂದನೇ ದಿನ ಬಾಗಿಲು ಹಾಕಿತು ಅಂತ ಅರ್ಥ ಅಲ್ಲ. ತಡವಾಗಿ ಬಂದ ಮಕ್ಕಳಿಗೂ ಅನುಕೂಲ ಆಗುವುದುಂಟು, ಅವಕಾಶ ಕಡಿಮೆ ಅಷ್ಟೇ.

ನೆಂಟರ ಮಾತಿಗೆ ಬರೋಣ. ಅದರಲ್ಲಿ ಅರ್ಧ ನಿಜ. ಅನುಭವ ಇರುವ ಕಡೆ, ಸಮಯಕ್ಕೆ ಸರಿಯಾಗಿ ಮಾಡಿದರೂ ಕಾಮಾಲೆ ಪೂರ್ತಿ ಇಳಿಯುವುದು ಅರ್ಧದಷ್ಟು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳಿಗೆ. ಇಳಿದವರಲ್ಲೂ ಬಹಳಷ್ಟು ಮಂದಿಗೆ ಮುಂದೆ ಯಾವಾಗಲಾದರೂ ಕಸಿ ಬೇಕಾಗಬಹುದು. ಆದರೆ ಎರಡು ಮೂರು ತಿಂಗಳ ಕೂಸಿಗೆ ಕಸಿ ಮಾಡುವುದಕ್ಕೂ, ಹತ್ತು ಹದಿನೈದು ವರ್ಷ ಬೆಳೆದ ಮಗುವಿಗೆ ಮಾಡುವುದಕ್ಕೂ ಎಷ್ಟು ವ್ಯತ್ಯಾಸ, ನೀವೇ ಯೋಚಿಸಿ. ಕೆಲವರು ತಮ್ಮದೇ ಲಿವರ್ ಇಟ್ಟುಕೊಂಡು ದೊಡ್ಡವರಾಗಿ ಮದುವೆ ಮಕ್ಕಳು ಅಂತ ಇದ್ದಾರೆ. ಏನೂ ಮಾಡದೆ ಬಿಟ್ಟರೆ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ.

ಕಸಿ ಬೇಕಾಗಿ ಬಂದರೂ ಅದು ಕೊನೆಯಲ್ಲ. ಭಾರತದಲ್ಲಿ ಯಶಸ್ವಿಯಾದ ಮಕ್ಕಳ ಮೊದಲ ಲಿವರ್ ಕಸಿ ಆದದ್ದೇ ಈ ಕಾಯಿಲೆಗೆ, 1998ರ ನವೆಂಬರಿನಲ್ಲಿ, ದೆಹಲಿಯಲ್ಲಿ. ತಮಿಳುನಾಡಿನ ಕಾಂಚೀಪುರದ 20 ತಿಂಗಳ ಮಗು. ತಂದೆ ತಮ್ಮ ಲಿವರಿನ ಒಂದು ಭಾಗ ಕೊಟ್ಟರು. ಆ ಹುಡುಗ ಬೆಳೆದು ಈಗ ಸ್ವತಃ ಡಾಕ್ಟರ್ ಆಗಿದ್ದಾನೆ. ಕೊಟ್ಟವರ ಲಿವರ್ ಕೆಲವು ತಿಂಗಳಲ್ಲಿ ಮತ್ತೆ ಬೆಳೆದುಕೊಳ್ಳುತ್ತದೆ.

ಎಲ್ಲಿ ಮಾಡಿಸಬೇಕು ಅಂದರೆ, ಮಕ್ಕಳ ಸರ್ಜನ್ ಇರುವ, ಈ ಆಪರೇಷನ್ ಆಗಾಗ ಮಾಡುವ ಕಡೆ. "ವರ್ಷಕ್ಕೆ ಎಷ್ಟು ಮಾಡ್ತೀರಾ ಸರ್" ಅಂತ ಕೇಳೋಕೆ ಸಂಕೋಚ ಬೇಡ. ಸರ್ಕಾರಿ ವ್ಯವಸ್ಥೆಯಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಸರ್ಜರಿ ವಿಭಾಗ ಇದೆ. ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ. ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರಿನಲ್ಲಿ ಸರ್ಕಾರದ ಆರೋಗ್ಯ ಯೋಜನೆಯ ಬಗ್ಗೆ ಮೊದಲೇ ವಿಚಾರಿಸಿ, ಬಿಲ್ ಬಂದ ಮೇಲಲ್ಲ.

ಪ್ರಶ್ನೆ: ಗರ್ಭಿಣಿ ಇದ್ದಾಗ ಗ್ರಹಣದ ದಿನ ಹೊರಗೆ ಹೋಗಿದ್ದೆ, ಅದಕ್ಕೇ ಮಗುವಿಗೆ ಹೀಗಾಯ್ತು ಅಂತ ಮನೇಲಿ ದಿನಾ ಹೇಳ್ತಾರೆ. ನಿಜವಾ? ಮುಂದಿನ ಮಗುವಿಗೂ ಬರುತ್ತಾ?

ಉತ್ತರ: ಸುಳ್ಳು. ಗ್ರಹಣ, ಪಪ್ಪಾಯ, ನೀವು ತಿಂದದ್ದು, ನೀವು ನಡೆದದ್ದು, ಯಾವುದೂ ಕಾರಣ ಅಲ್ಲ. ವೈರಸ್ಸಾ, ಮಗುವಿನದೇ ರೋಗನಿರೋಧಕ ಶಕ್ತಿ ತಿರುಗಿ ಬಿದ್ದದ್ದಾ, ಇನ್ನೇನಾದರೂ ಇದೆಯಾ ಅಂತ ವಿಜ್ಞಾನಿಗಳೇ ಇನ್ನೂ ಹುಡುಕುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ ಬರಗಾಲದಲ್ಲಿ ಒಂದು ಜಾತಿಯ ಕಳೆ ತಿಂದ ಕುರಿಗಳ ಮರಿಗಳಿಗೆ ಇದೇ ಥರ ಪಿತ್ತನಾಳ ಮುಚ್ಚಿತ್ತು. ಆ ಗಿಡದಿಂದ ಒಂದು ವಿಷವನ್ನೂ ಬೇರ್ಪಡಿಸಿದ್ದಾರೆ. ಅದು ಕುರಿಗಳ ಕಥೆ, ಮನುಷ್ಯರು ಆ ಗಿಡ ತಿನ್ನುವುದಿಲ್ಲ. ಮುಂದಿನ ಮಗುವಿಗೆ ಬರುವ ಸಾಧ್ಯತೆ ತೀರಾ ಕಡಿಮೆ. ಮನೆಯವರನ್ನು ಒಂದು ಸಲ ನಿಮ್ಮ ಡಾಕ್ಟರ ಮುಂದೆ ಕೂರಿಸಿ, ಬಾಯಿ ಮುಚ್ಚಿಸುವ ಕೆಲಸ ಅವರು ಮಾಡಲಿ.

ಪ್ರಶ್ನೆ: ಮಗಳಿಗೆ ಒಂಬತ್ತು ತಿಂಗಳು. ಕಸಾಯ್ ಆಪರೇಷನ್ ಆಗಿ ಕಾಮಾಲೆ ಪೂರ್ತಿ ಹೋಗಿತ್ತು. ನಿನ್ನೆಯಿಂದ ಜ್ವರ. ಇಲ್ಲಿನ ಕ್ಲಿನಿಕ್ಕಿನಲ್ಲಿ ವೈರಲ್ ಅಂತ ಪ್ಯಾರಾಸಿಟಮಾಲ್ ಕೊಟ್ಟರು. ಸಾಕಾ?

ಉತ್ತರ: ಸಾಲದು. ಕಸಾಯ್ ಆದ ಮಗುವಿನ ಕರುಳು ಈಗ ನೇರವಾಗಿ ಲಿವರಿಗೆ ಅಂಟಿಕೊಂಡಿದೆ. ಕರುಳಿನ ಬ್ಯಾಕ್ಟೀರಿಯಾ ಮೇಲೆ ಹತ್ತಿ ಪಿತ್ತದ ದಾರಿಯಲ್ಲಿ ಸೋಂಕು ಮಾಡುವುದು, ಅದೂ ಮೊದಲ ಎರಡು ವರ್ಷದಲ್ಲಿ, ತುಂಬಾ ಸಾಮಾನ್ಯ. ಜ್ವರದ ಜೊತೆ ಕಣ್ಣು ಮತ್ತೆ ಹಳದಿಯಾದರೆ, ಕಕ್ಕ ಮತ್ತೆ ಬಿಳಿಚಿದರೆ ಅದೇ ಅಂತ ತಿಳಿಯಿರಿ. ಬರೀ ಜ್ವರ ಇದ್ದರೂ ಹಾಗೇ ಅಂದುಕೊಂಡೇ ನೋಡಬೇಕು. ರಕ್ತನಾಳದ ಮೂಲಕ ಆಂಟಿಬಯಾಟಿಕ್ ಬೇಕಾಗುತ್ತದೆ, ಅಡ್ಮಿಟ್ ಆಗಬೇಕು. ಒಂದೊಂದು ಸೋಂಕೂ ಲಿವರ್ ಅನ್ನು ಸ್ವಲ್ಪ ಸ್ವಲ್ಪ ಹಾಳು ಮಾಡುತ್ತದೆ. ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಇನ್ನು ಮುಂದೆ ಯಾವ ಕ್ಲಿನಿಕ್ಕಿಗೆ ಹೋದರೂ ಬಾಯಿ ತೆಗೆದ ಕೂಡಲೇ ಹೇಳಬೇಕಾದ ಮಾತು, "ಇವಳಿಗೆ ಕಸಾಯ್ ಆಗಿದೆ" ಅಂತ. ಎ, ಡಿ, ಇ, ಕೆ ವಿಟಮಿನ್ ಡ್ರಾಪ್ಸ್ ನಿಲ್ಲಿಸಿದ್ದೀರಾ ಅಂತ ಪತ್ರದಲ್ಲಿ ಬರೆದಿಲ್ಲ. ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡಿ. ಲಸಿಕೆಗಳನ್ನೂ ತಪ್ಪಿಸಬೇಡಿ.

ಪ್ರಶ್ನೆ: ನನ್ನ ಮಗು ಮೂರು ವಾರದ್ದು, ಕಾಮಾಲೆ ಇಲ್ಲ, ಕಣ್ಣು ಬೆಳ್ಳಗಿದೆ. ಆದರೆ ಕಕ್ಕ ಎರಡು ದಿನದಿಂದ ಅಚ್ಚ ಹಸಿರು! ಭಯ ಆಗ್ತಿದೆ.

ಉತ್ತರ: ಹಸಿರೂ ಪಿತ್ತದ್ದೇ ಬಣ್ಣ. ಅಂದರೆ ದಾರಿ ತೆರೆದಿದೆ. ಹಾಲು ಕುಡಿಸಿ ಮಲಗಿಸಿ, ನೀವೂ ಮಲಗಿ.